ಮೂರನೆಯ ಪ್ಲಗ್ಗು

“ನನ್ನ ಪ್ಲಗ್ಗು ಮಾರಿ ಎಷ್ಟು ಸಿನೆಮಾ ನೋಡಿದಿ ಮಾರಾಯ?”

ಮೋಹನದಾಸ ಧಣಿ ಇದನ್ನು ಕೇಳಿದ್ದು ಮೆಲ್ಲನೆ. ಬೊಬ್ಬೆ ಹಾಕಿ ಕೇಳಿದ್ದರೆ ಅರ್ಧ ಮಾತು ಬಂದರಿನ ಕೈಗಾಡಿಗಳ ಸದ್ದಿನಲ್ಲಿ ಹೋಗಿಬಿಡುತ್ತಿತ್ತು. ಮೆಲ್ಲನೆ ಕೇಳಿದ್ದರಿಂದ ಬೊನಿಫಾಸನ ಗ್ಯಾರೇಜಿನ ಮುಂದಿದ್ದ ಏಳೆಂಟು ಮಂದಿ ಸುಮ್ಮನಾಗಿ, ಕತ್ತು ಮುಂದೆ ಮಾಡಿ, ಒಂದೊಂದು ಅಕ್ಷರವನ್ನೂ ಕೇಳಿಸಿಕೊಂಡರು, ಆಮೇಲೆ ನಕ್ಕರು. ನಕ್ಕವರಲ್ಲಿ ಜಮಾಲುದ್ದೀನನೂ ಇದ್ದ. ಏಳನೆಯ ಕ್ಲಾಸಿನ ತನಕ, ಪ್ರಶ್ನೆ ಬಿದ್ದ ಮೆಕ್ಯಾನಿಕ್ ಝಕರಿಯಾನ ಜೊತೆ ಒಂದೇ ಬೆಂಚಿನಲ್ಲಿ ಕೂತವನು, ಈಗ ಮೆಣಸಿನ ಮಂಡಿಯಲ್ಲಿ ಗುಮಾಸ್ತ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಉಳಿದವರು ನಕ್ಕು ಮುಗಿಸಿದ ಮೇಲೆ, ತಾನೊಬ್ಬ ನಗದಿದ್ದರೆ ಚೆನ್ನಾಗಿರುವುದಿಲ್ಲ ಎಂಬಂತೆ ಅವನು ಸ್ವಲ್ಪ ತಡವಾಗಿ ನಕ್ಕ. ಝಕರಿಯಾನ ಕಿವಿಯಲ್ಲಿ ಉಳಿದದ್ದು ಆ ತಡವಾದ ನಗು. ಅದಕ್ಕಿಂತಲೂ ಅಸಹ್ಯವಾದದ್ದು ಇನ್ನೊಂದು ನಡೆದಿತ್ತು, ಯಾರಾದರೂ ನೋಡಿದರೋ ಇಲ್ಲವೋ. ಪ್ರಶ್ನೆ ಬಿದ್ದ ಕೂಡಲೇ ಅವನ ಬಲಗೈ, ಅವನನ್ನು ಕೇಳದೆ, ತನ್ನಷ್ಟಕ್ಕೆ ಚಡ್ಡಿಯ ಕಿಸೆಯ ಮೇಲೆ ಹೋಗಿ ಕೂತಿತ್ತು. ತಿಂಗಳ ಹಿಂದೆ ಧಣಿಯ ಕಾರಿನ ಸವೆದ ಪ್ಲಗ್ಗು ನಾಲ್ಕನ್ನು ಬಿಚ್ಚಿ ಅವನು ಅದೇ ಕಿಸೆಗೆ ಹಾಕಿಕೊಂಡಿದ್ದ. ಬಿಚ್ಚಿದ ಗುಜರಿ ಬಿಚ್ಚಿದವನಿಗೆ. ಅದು ಗ್ಯಾರೇಜಿನ ರೂಢಿ, ಬೊನಿಫಾಸ್ ಕಲಿಸಿದ್ದು. ಅವನ್ನು ಬಂದರಿನ ಮುದುಕ ಅದ್ದು ಕಾಕನಿಗೆ ಬಲೆಯ ಅಂಚಿಗೆ ಭಾರ ಕಟ್ಟಲು ಕೊಟ್ಟಿದ್ದ. ಅವು ಈಗ ನೇತ್ರಾವತಿಯ ನೀರಿನಲ್ಲಿ ಮೀನಿನ ಹಿಂದೆ ಓಡುತ್ತಿವೆ. ಅದು ಕಳವೇ? ಅಲ್ಲ. ಧಣಿಯನ್ನು ಕೇಳಿದ್ದೆಯಾ? ಇಲ್ಲ. ಧಣಿ ಮಾತಾಡುತ್ತಿದ್ದದ್ದು ಹೊಸ ಪ್ಲಗ್ಗಿನ ವಿಷಯ, ಕೈ ಹೋದದ್ದು ಹಳೆಯದರ ಕಡೆಗೆ, ಮತ್ತು ಈ ಕೈಯನ್ನು ಕತ್ತರಿಸಿ ಚರಂಡಿಗೆ ಎಸೆಯಬೇಕು ಎಂದು ಅವನಿಗೆ ಅನಿಸಿತು.

ಧಣಿ ಅವನ ಮೇಲಿನಿಂದ ಕಣ್ಣು ತೆಗೆದು ಬೊನಿಫಾಸನ ಕಡೆ ತಿರುಗಿದರು. “ಮದರಾಸಿನಿಂದ ತರಿಸಿದ ಪ್ಲಗ್ಗು ನಾಲ್ಕು, ನನ್ನ ಕೈಯಾರೆ ತಂದು ಕೊಟ್ಟದ್ದು. ಹಾಕಿದ್ದು ಇವನು. ಹಾಕಿದ ದಿವಸದಿಂದ ಏರಿನಲ್ಲಿ ಮಿಸ್ಸಿಂಗ್, ಎಂಜಿನು ಬಿಕ್ಕಳಿಸ್ತದೆ. ಇದಕ್ಕೆ ದೊಡ್ಡ ತನಿಖೆ ಬೇಕಾ?”

“ಧಣಿಗಳೇ, ಹುಡುಗ ಅಂಥವನಲ್ಲ,” ಎಂದ ಬೊನಿಫಾಸ್, ಕೈ ಒರೆಸಿಕೊಳ್ಳುತ್ತ.

“ಅಂಥವನು ಅಂತ ನಾನು ಹೇಳಿದೆನಾ? ಸಿನೆಮಾ ನೋಡಿದಿಯಾ ಅಂತ ಕೇಳಿದೆ, ಅಷ್ಟೇ.” ಮತ್ತೆ ನಗು. “ನೋಡು ಬೊನಿಫಾಸ್, ನನ್ನ ಮಗಳು ಆಶಾಲತಳನ್ನೂ ಮಗುವನ್ನೂ ಇವತ್ತು ಅತ್ತಾವರದ ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬರ್ಲಿಕ್ಕೆ ಉಂಟು. ಹಸಿ ಬಾಣಂತಿ. ಕದ್ರಿಯ ಏರಿನಲ್ಲಿ ಈ ಕಾರು ಕುಂಟಬಾರದು. ನಾಲ್ಕು ಗಂಟೆಗೆ ನಾನು ಇಲ್ಲಿಗೆ ಬರ್ತೇನೆ. ಅಷ್ಟರೊಳಗೆ ನನ್ನ ಸಾಮಾನು ಅದರ ಜಾಗದಲ್ಲಿ ಇದ್ದರೆ ನಾನು ಒಂದು ಮಾತೂ ಕೇಳುವುದಿಲ್ಲ. ಇಲ್ಲ ಅಂತಾದರೆ ಈ ಹುಡುಗ ನಿನ್ನಲ್ಲಿ ಬೇಡ. ಈ ಬಂದರಿನಲ್ಲಿ ಬೇರೆ ಗ್ಯಾರೇಜಿಗೂ ಬೇಡ, ನಾನೇ ಹೇಳಿಸ್ತೇನೆ. ಪ್ಲಗ್ಗು ನನ್ನದು ಹೌದಾ ಅಲ್ಲವಾ ನನಗೆ ಗೊತ್ತಾಗ್ತದೆ. ಹೇಗೆ ಅಂತ ಕೇಳಬೇಡಿ.”

ಅವರು ಟ್ಯಾಕ್ಸಿ ಹತ್ತಿ ಹಂಪನಕಟ್ಟೆಯ ತಮ್ಮ ಹೋಟೆಲಿಗೆ ಹೋದರು. ಕಾರೂ ಅದರ ಡ್ರೈವರ್ ನಿತ್ಯಾನಂದನೂ ಉಳಿದರು. ಜನ ಕರಗಿತು. ಝಕರಿಯಾ ಬಾನೆಟ್ ಎತ್ತಿ ತಲೆಯನ್ನು ಒಳಗೆ ಹಾಕಿದ, ಕೆಲಸಕ್ಕೆಂದು ಅಲ್ಲ, ಮುಖವನ್ನು ಎಲ್ಲಿಯಾದರೂ ಇಡಬೇಕಿತ್ತು. ಹೇಳಬೇಕಾಗಿದ್ದ ಮಾತುಗಳು ಈಗ ಒಂದರ ಹಿಂದೆ ಒಂದು ಬಂದವು. ನಿಮ್ಮ ಹೋಟೆಲಿನ ಸಾಂಬಾರಿನಲ್ಲಿ ಬೇಳೆ ಎಲ್ಲಿ ಹೋಯಿತೆಂದು ನಾನು ಕೇಳಿದೆನೇ? ಇಪ್ಪತ್ಮೂರು ವರ್ಷ ನನಗೆ, ಹತ್ತು ವರ್ಷದಿಂದ ಈ ಬಾನೆಟ್ಟುಗಳ ಅಡಿಯಲ್ಲಿ ಬೇಯುತ್ತಿದ್ದೇನೆ, ಒಂದು ನಟ್ಟು ಇಲ್ಲಿಂದ ಅಲ್ಲಿಗೆ ಹೋಗಿದ್ದರೆ ಹೇಳಿ. ಎಲ್ಲವೂ ಒಳ್ಳೊಳ್ಳೆಯ ಮಾತು, ಎಲ್ಲವೂ ಕಾಲು ಗಂಟೆ ತಡ. ಮೊದಲು ಹೀಗಿರಲಿಲ್ಲ. ಶಾಲೆಯಲ್ಲಿ ಅವನ ಬಾಯಿಗೆ ತಡವೆಂಬುದೇ ಇರಲಿಲ್ಲ. ಭೂಗೋಳದ ಮೇಷ್ಟ್ರು ಕಪಾಟಿನಿಂದ ಗ್ಲೋಬು ತಂದಿಟ್ಟು, ಇದನ್ನು ಒಡೆದದ್ದು ಯಾರು ಎಂದು ಕೇಳಿದಾಗ, ಅದು ಕಳೆದ ವರ್ಷವೇ ಬಿರುಕು ಬಿಟ್ಟಿತ್ತು ಸಾರ್, ನೀವೇ ಆಫ್ರಿಕದ ಮೇಲೆ ಗೋಂದು ಹಚ್ಚಿದ್ದಿರಿ ಎಂದು ಎದ್ದು ನಿಂತು ಹೇಳಿದ್ದ. ಬೆತ್ತದ ಪೆಟ್ಟು ಬಿದ್ದದ್ದು ಗ್ಲೋಬು ಒಡೆದದ್ದಕ್ಕಲ್ಲ, ಹೇಳಿದ್ದಕ್ಕೆ. ಮರುದಿನದಿಂದ ಅವನು ಶಾಲೆಗೆ ಹೋಗಲಿಲ್ಲ. ಉಮ್ಮ ಅತ್ತಳು, ಆಮೇಲೆ ಬೊನಿಫಾಸನ ಹತ್ತಿರ ಬಂದು ಕೇಳಿಕೊಂಡಳು. ಈಗ ತೈಲದ ವಾಸನೆಯ ಒಳಗೆ ಮುಖವಿಟ್ಟುಕೊಂಡು ಆ ಗೋಂದಿನ ಬಣ್ಣವೂ ಅವನಿಗೆ ಕಾಣುತ್ತಿತ್ತು.

ಹಾಗಾದರೆ ಈ ಹಾಳು ಎಂಜಿನಿಗೆ ಎಂತ ಆಗಿದೆ? ಸಮತಟ್ಟಿನಲ್ಲಿ ಹೊಲಿಗೆಯ ಮಿಶನ್ನಿನ ಹಾಗೆ ಓಡುತ್ತದೆ. ನಿಂತಲ್ಲಿ ಎಷ್ಟು ಬೇಕಾದರೂ ಕೂಗಿಸಿ, ತಪ್ಪು ಸಿಗುವುದಿಲ್ಲ. ಏರು ಬಂದು ಭಾರ ಬಿದ್ದ ಕೂಡಲೇ ನಾಲ್ಕರಲ್ಲಿ ಒಂದು ಕೈಬಿಡುತ್ತದೆ, ಕಾರು ಬಿಕ್ಕಳಿಸುತ್ತದೆ. ಈ ತಿಂಗಳಿನಲ್ಲಿ ಕಾರ್ಬುರೇಟರನ್ನು ಮೂರು ಸಲ ಬಿಚ್ಚಿ ತೊಳೆದಿದ್ದರು, ಪಾಯಿಂಟು ಬದಲಾಯಿಸಿದ್ದರು, ಬೇರೆ ಕಾರಿನ ಕಾಯಿಲ್ ಇಟ್ಟು ನೋಡಿದ್ದರು. ಪ್ಲಗ್ಗುಗಳನ್ನು ತೆಗೆದು ಬಾಯಿ ನೋಡಿದ್ದರು: ಒಳ್ಳೆಯ ಕಂದು ಬಣ್ಣ. ಹೊರಗೆ ಹಿಡಿದು ಕಿಡಿ ನೋಡಿದ್ದರು: ನೀಲಿ, ಗಟ್ಟಿ. ಮತ್ತೆ ಆಯಾ ಗುಂಡಿಗೇ ಹಾಕಿದ್ದರು. ಹೊಸ ಪ್ಲಗ್ಗಿನ ಮೇಲೆ ಯಾರು ಸಂಶಯ ಪಡುತ್ತಾರೆ?

ಬೊನಿಫಾಸ್ ಬಂದು ಪಕ್ಕದಲ್ಲಿ ನಿಂತ. ಸ್ವಲ್ಪ ಹೊತ್ತು ರೇಡಿಯೇಟರಿನ ಮೇಲೆ ಬೆರಳಿನಿಂದ ತಾಳ ಹಾಕಿದ. “ಒಂದು ಮಾತು ಹೇಳ್ತೇನೆ, ಕೋಪ ಮಾಡಬೇಡ. ನಾನು ಅಂಗಡಿಯಿಂದ ನಾಲ್ಕು ಹೊಸ ಪ್ಲಗ್ಗು ತರಿಸಿ ಕೊಡ್ತೇನೆ. ಹಾಕು. ಧಣಿಗಳು ಬರ್ಲಿ, ನೋಡ್ಲಿ, ಹೋಗ್ಲಿ. ಮುಗೀತು.”

ಝಕರಿಯಾ ತಲೆ ಎತ್ತಿದ. “ಅಂದರೆ ನಾನು ಕದ್ದದ್ದು ಹೌದು ಅಂತ.”

“ಹಾಗೆ ಯಾರು ಹೇಳಿದ್ದು?”

“ಮತ್ತೆ ಹೊಸತು ಎಂತಕ್ಕೆ? ಒಳಗೆ ಇರುವುದು ಅವರದ್ದೇ.”

“ಅವರದ್ದೇ ಇರಬಹುದು ಮಾರಾಯ. ಇಲ್ಲ ಅಂತ ನಾನು ಹೇಳಿದೆನಾ?” ಬೊನಿಫಾಸನ ಕಣ್ಣು ಅವನ ಕಣ್ಣಿಗೆ ಸಿಗಲಿಲ್ಲ, ಕಾರಿನ ನಂಬರಿನ ಮೇಲೆ ಕೂತಿತ್ತು. “ನಿನಗೆ ನಿನ್ನ ಮರ್ಯಾದೆ. ನನಗೆ ಗಿರಾಕಿ ಬೇಕಲ್ಲ.”

ಇರಬಹುದು. ಆ ಒಂದು ಶಬ್ದ ಧಣಿಯ ಸಿನೆಮಾಕ್ಕಿಂತ ಆಳಕ್ಕೆ ಹೋಯಿತು. ಹತ್ತು ವರ್ಷ ಇವನ ಕೈಯಿಂದ ಸ್ಪಾನರ್ ತೆಗೆದುಕೊಂಡು, ಇವನ ಬೈಗಳು ತಿಂದು, ಕ್ರಿಸ್ಮಸ್ಸಿಗೆ ಇವನ ಮನೆಯ ಕುಸ್ವಾರ್ ತಿಂಡಿ ತಿಂದು, ಕೊನೆಗೆ ಸಿಕ್ಕಿದ್ದು ಒಂದು ‘ಇರಬಹುದು’. ಝಕರಿಯಾ ಬಾನೆಟ್ಟನ್ನು ಬೇಕಿದ್ದಕ್ಕಿಂತ ಜೋರಾಗಿ ಮುಚ್ಚಿದ. “ನಿತ್ಯಾನಂದಣ್ಣ, ಹತ್ತಿ. ಏರಿಗೆ ಹೋಗುವ,” ಎಂದ.

ಕದ್ರಿಯ ಏರಿನಲ್ಲಿ ಅದು ಸರಿಯಾಗಿ ಅದೇ ಜಾಗದಲ್ಲಿ ಬಿಕ್ಕಳಿಸಿತು. ಎಡಗಡೆಯ ಕಲ್ಲಿನ ಪಾಗಾರದ ಗೋಡೆ ಮುಗಿಯುವಲ್ಲಿ ಮೊದಲನೆಯದು, ಆಮೇಲೆ ಹತ್ತು ಮಾರಿಗೊಂದು. ಝಕರಿಯಾ ಕಣ್ಣು ಮುಚ್ಚಿ ಕೂತು ಸದ್ದನ್ನು ಎಣಿಸಿದ. ಧಡ್ ಧಡ್ ಧಡ್, ಮತ್ತೆ ಒಂದು ಖಾಲಿ. “ನೋಡಿದ್ಯಾ, ನನ್ನ ತಪ್ಪಲ್ಲ,” ಎಂದ ನಿತ್ಯಾನಂದ. ಯಾರೂ ಅವನ ತಪ್ಪೆಂದು ಹೇಳಿರಲಿಲ್ಲ. ನಲವತ್ತು ದಾಟಿದ, ಬೆಳಿಗ್ಗೆ ಎದ್ದು ಕಾರಿಗೆ ನಮಸ್ಕಾರ ಮಾಡಿ ಆಮೇಲೆ ಕಾಫಿ ಕುಡಿಯುವ ಮನುಷ್ಯ, ದಿನಕ್ಕೆ ಹತ್ತು ಸಲ ತನ್ನ ತಪ್ಪಲ್ಲ ಎನ್ನುತ್ತಿದ್ದ. ನಂತೂರಿನ ತನಕ ಹೋಗಿ, ಲಾರಿಗಳ ನಡುವೆ ತಿರುಗಿಸಿಕೊಂಡು ಇಳಿಯುವಾಗ ಎಂಜಿನು ಏನೂ ಅರಿಯದ ಮಗುವಿನಂತೆ ಗುನುಗತೊಡಗಿತು. ಸಿಟ್ಟು ಬಂತು. ಭಾರ ಬಿದ್ದಾಗ ಮಾತ್ರ ತಪ್ಪುತ್ತದೆ. ಭಾರ ಬಿದ್ದಾಗ ಪ್ಲಗ್ಗಿನ ಬಾಯಿಯಲ್ಲಿ ಕಿಡಿ ಹಾರುವುದು ಕಷ್ಟ, ಆಗ ಕರೆಂಟು ಬೇರೆ ಸುಲಭದ ದಾರಿ ಹುಡುಕುತ್ತದೆ, ಎಲ್ಲಿಯೋ ಸೋರಿ ಹೋಗುತ್ತದೆ. ಇಷ್ಟು ಅವನಿಗೆ ಗೊತ್ತಿತ್ತು. ಆದರೆ ಎಲ್ಲಿ? ಈ ಹಗಲಿನ ಬೆಳಕಿನಲ್ಲಿ ಅಷ್ಟು ಸಣ್ಣ ಸೋರಿಕೆ ಕಾಣುವುದು ಹೇಗೆ?

ಬಂದರಿನ ಇಳಿಜಾರಿಗೆ ಬಂದಾಗ ದೋಣಿ ಕಟ್ಟುವ ದಕ್ಕೆಯಲ್ಲಿ ಒಂದು ಮಂಜಿ ಮಗ್ಗುಲಿಗೆ ಒರಗಿ ನಿಂತದ್ದು ಕಂಡಿತು. ದ್ವೀಪಗಳಿಗೆ ಅಕ್ಕಿ ಒಯ್ಯುವ ದೋಣಿ. ಅದ್ದು ಕಾಕ ಮಂಜಿಗಳ ಹಲಗೆಯ ಸಂದಿಗೆ ಹತ್ತಿ ತುರುಕುವ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಏಳೆಂಟು ವರ್ಷದ ಝಕರಿಯಾನನ್ನು ಒಮ್ಮೆ ಮಂಜಿಯ ಹೊಟ್ಟೆಯೊಳಗೆ ಇಳಿಸಿದ್ದ. ಮೇಲಿನ ಹಲಗೆ ಮುಚ್ಚಿಸಿದ್ದ. ಕುರುಡುಗತ್ತಲೆ, ಕೊಳೆತ ನೀರಿನ ವಾಸನೆ, ಕಿರುಚಬೇಕೆನಿಸಿತ್ತು. ಸುಮ್ಮನೆ ಕೂತ್ಕೊ, ಕಣ್ಣು ಹೊಂದಿಕೊಳ್ಳಲಿ, ಎಂದಿತ್ತು ಕಾಕನ ಧ್ವನಿ. ಸ್ವಲ್ಪ ಹೊತ್ತಿಗೆ ಕತ್ತಲೆಯಲ್ಲಿ ಸೂಜಿಯ ಮೊನೆಯಷ್ಟು ಬೆಳಕು, ಅಲ್ಲೊಂದು, ಇಲ್ಲೊಂದು. ಹೊರಗಿನಿಂದ ಹತ್ತು ಜನ ನೋಡಿದರೂ ಸಿಗದ ತೂತುಗಳು. ಕಾಕ ಅವಕ್ಕೆ ಒಂದೊಂದಾಗಿ ಸುಣ್ಣದ ಬೊಟ್ಟು ಇಡುತ್ತ ಹೋಗಿದ್ದ.

“ನಿಲ್ಲಿಸಿ,” ಎಂದ ಝಕರಿಯಾ. “ಗ್ಯಾರೇಜಿಗೆ ಬೇಡ. ಉಪ್ಪುಮೀನಿನ ಗೋಡೌನಿಗೆ ತಿರುಗಿಸಿ.”

“ಅಲ್ಲಿಗೆ ಎಂತಕ್ಕೆ? ಕಾರು ನಾರ್ತದೆ! ಧಣಿಗಳು ನನ್ನನ್ನು...”

“ತಿರುಗಿಸಿ ಅಂದೆನಲ್ಲ!”

ಗೋಡೌನಿಗೆ ಈಗ ಅದ್ದು ಕಾಕನೇ ಕಾವಲು. ಎತ್ತಿನಗಾಡಿ ಒಳಗೆ ಹೋಗುವಷ್ಟು ಅಗಲದ ಬಾಗಿಲು, ಕಿಟಕಿ ಇಲ್ಲ. ಸೀಸನ್ನು ಮುಗಿದು ಒಳಗೆ ಖಾಲಿ ಗೋಣಿಗಳೂ ವಾಸನೆಯೂ ಮಾತ್ರ ಉಳಿದಿದ್ದವು. ಕಾರು ಒಳಗೆ ಬರುವುದನ್ನು ನೋಡಿ ಮುದುಕ ಬೀಡಿ ಕೆಳಗಿಟ್ಟ. “ಎಂತ ಇದು, ಒಣಗಿಸ್ಲಿಕ್ಕೆ ತಂದದ್ದಾ?”

“ಬಾಗಿಲು ಹಾಕಿ ಕಾಕ. ಹಿಂದಿನ ಸಣ್ಣ ಬಾಗಿಲು ನಾಲ್ಕು ಬೆರಳು ತೆರೆದಿಡಿ, ಹೊಗೆ ಹೋಗ್ಲಿಕ್ಕೆ. ಅದಕ್ಕೆ ಗೋಣಿ ಅಡ್ಡ ಹಿಡಿಯಿರಿ.”

ಅವನು ಚಕ್ರಗಳಿಗೆ ಮರದ ತುಂಡು ಕೊಟ್ಟ, ಹ್ಯಾಂಡ್‌ಬ್ರೇಕ್ ಎಳೆಸಿದ. ಗಿಯರಿಗೆ ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟು, ಪೆಟ್ರೋಲು ಕೊಡಬೇಕೆಂದು ನಿತ್ಯಾನಂದನಿಗೆ ಹೇಳಿದ. ಕಾರು ಮುಂದೆ ಹೋಗಲಾರದು, ಎಂಜಿನು ಏರಿನಲ್ಲಿದ್ದೇನೆ ಎಂದು ತಿಳಿಯಬೇಕು. ಬಾಗಿಲು ಮುಚ್ಚಿತು. ತನ್ನ ಕೈ ತನಗೆ ಕಾಣದ ಕತ್ತಲೆ. ಮೀನು, ಪೆಟ್ರೋಲು, ಬೆವರು. ಅವನು ಸುಮ್ಮನೆ ನಿಂತ, ಕಣ್ಣು ಹೊಂದಿಕೊಳ್ಳಲಿ ಎಂದು. ಎಂಜಿನು ನರಳಿತು, ಕಾರು ಮೈ ನಡುಗಿಸಿತು, ಧಡ್ ಧಡ್ ಧಡ್, ಮತ್ತೆ ಆ ಖಾಲಿ. ಖಾಲಿ ಬಿದ್ದ ಕ್ಷಣದಲ್ಲಿಯೇ ಅವನ ಮುಖದ ಕೆಳಗೆ, ಮೂರನೆಯ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ, ಒಂದು ನೀಲಿ ಹುಳ ಮೇಲಿನಿಂದ ಕೆಳಗೆ ಹರಿದು ಕಬ್ಬಿಣದೊಳಗೆ ಹೊಕ್ಕಿತು. ಅವನು ಇನ್ನಷ್ಟು ಬಗ್ಗಿದ. ಮತ್ತೆ ಖಾಲಿ, ಮತ್ತೆ ಹುಳ, ಅದೇ ದಾರಿ. ನೆಟ್ಟಗಿನ ದಾರಿಯಲ್ಲ, ಮೇಲೆ ಒಂದು ಸುತ್ತು ಹೊಡೆದು, ಬಾಗಿ, ಬಾಲ ಎಳೆದು ಇಳಿಯುತ್ತಿತ್ತು, ಯಾರೋ ಬರೆಯುತ್ತಿರುವ ಹಾಗೆ.

“ಸಾಕು! ಬಾಗಿಲು ತೆಗೀರಿ!”

ಬೆಳಕಿನಲ್ಲಿ, ಎಂಜಿನು ಸ್ವಲ್ಪ ತಣಿದ ಮೇಲೆ, ಅವನು ವಯರನ್ನು ಎಳೆದು ಪ್ಲಗ್ಗನ್ನು ಬಗ್ಗಿ ನೋಡಿದ. ಮೆತ್ತಿದ ಮಸಿಯ ಅಡಿಯಲ್ಲಿ ಪೆನ್ಸಿಲಿನ ಗೀಟು. ಇಂಗ್ಲಿಷಿನಲ್ಲಿ ಎಂ, ಡಿ, ಕೂಡಿಸಿ ಬರೆದದ್ದು. ಡಿಯ ಬಾಲವನ್ನು ಬರೆದವರು ಶೋಕಿಗೆ ಕೆಳಗಿನ ಕಬ್ಬಿಣದ ತನಕ ಎಳೆದಿದ್ದರು, ಎಮ್ಮಿನ ಕೊಂಬು ಮೇಲಿನ ಹಿತ್ತಾಳೆಯ ಟೊಪ್ಪಿಗೆ ತಾಗಿತ್ತು. ಉಳಿದ ಮೂರರಲ್ಲೂ ಅದೇ ಅಕ್ಷರಗಳು, ಆದರೆ ನಡುವಿನಲ್ಲಿ ಗಿಡ್ಡವಾಗಿ, ಮೇಲೂ ಕೆಳಗೂ ಮುಟ್ಟದೆ ಇದ್ದವು. ಹಾಕುವ ದಿನ ಅವನು ಇದನ್ನು ನೋಡಿದ್ದ, ಅಂಗಡಿಯವನ ಗುರುತು ಎಂದುಕೊಂಡಿದ್ದ. ಬಿಚ್ಚಿದಾಗಲೆಲ್ಲ ಎಲ್ಲರೂ ಪ್ಲಗ್ಗಿನ ಬಾಯಿ ನೋಡುತ್ತಾರೆ, ಮೈ ಯಾರು ನೋಡುತ್ತಾರೆ? ಟಾರ್ಚಿನ ಸೆಲ್ಲು ಒಡೆದರೆ ಒಳಗೆ ಸಿಗುವ ಕಪ್ಪು ಕಡ್ಡಿ, ಪೆನ್ಸಿಲಿನ ಸೀಸ, ಎರಡೂ ಒಂದೇ ಜಾತಿ, ಕರೆಂಟಿಗೆ ರಾಜಮಾರ್ಗ. ಅವನು ನಿಧಾನವಾಗಿ ನಿತ್ಯಾನಂದನ ಕಡೆ ತಿರುಗಿದ.

“ಇದು ಯಾರು ಬರೆದದ್ದು?”

ನಿತ್ಯಾನಂದ ಬಾಗಿಲಿನ ಕಡೆ ನೋಡಿದ. “ಧಣಿಗಳೇ. ಹೋಟೆಲಿನ ಗಲ್ಲಾಪೆಟ್ಟಿಗೆಯ ಎದುರು ಕೂತು, ಪೆನ್ಸಿಲನ್ನು ನಾಲಗೆಗೆ ತಾಗಿಸಿ ತಾಗಿಸಿ ಬರೆದ್ರು. ಗ್ಯಾರೇಜಿನವರು ಬದಲಾಯಿಸಿದ್ರೆ ಗೊತ್ತಾಗ್ಲಿ ಅಂತ. ನಿನ್ನ ಮೇಲೆ ಅಂತಲ್ಲ, ಅವರಿಗೆ ಎಲ್ಲರ ಮೇಲೆಯೂ ಹಾಗೇ. ಚೆಂಬಿಗೆ ಹಾಕಿದ್ದಾರೆ, ಕೊಡೆಗೆ ಹಾಕಿದ್ದಾರೆ, ಹೋಟೆಲಿನ ಸ್ಟೂಲಿನ ಅಡಿಗೂ ಉಂಟು.” ತನ್ನ ಕಾಲು ಎತ್ತಿ ತೋರಿಸಿದ. “ಇಕ್ಕೊ, ನನ್ನ ಚಪ್ಪಲಿಗೂ ಹಾಕಿದ್ದಾರೆ ಮಾರಾಯ, ಅವರು ತೆಗೆಸಿಕೊಟ್ಟದ್ದಂತ.”

ಅದ್ದು ಕಾಕ ಹೊಟ್ಟೆ ಹಿಡಿದು ನಕ್ಕ. “ಮೊಮ್ಮಗುವಿಗೂ ಹಾಕ್ತಾರಾ ಕೇಳು, ಆಸ್ಪತ್ರೆಯವರು ಬದಲಾಯಿಸಿದ್ರೆ!”

ಝಕರಿಯಾನಿಗೆ ನಗು ಬರಲಿಲ್ಲ. ತಿಂಗಳಿಡೀ ಅವನ ಉಗುರಿನೊಳಗೆ ಹೋದ ಮಸಿ, ಬಿಸಿ ಎಂಜಿನಿನಲ್ಲಿ ಸುಟ್ಟ ಮುಂಗೈ, ನಾಲ್ಕು ದಿವಸ ಊಟಕ್ಕೆ ಮನೆಗೆ ಹೋಗದೆ ತೊಳೆದ ಕಾರ್ಬುರೇಟರ್, ಎಲ್ಲ ಇದಕ್ಕೆ. ನೀನು ಕಳ್ಳ ಎಂದು ಮೊದಲೇ ಬರೆದು, ಅದನ್ನು ಅವನ ಕೈಯಿಂದಲೇ ಎಂಜಿನಿಗೆ ಹಾಕಿಸಿ, ಅದು ಅಲ್ಲಿ ಕೂತು ಕಾರನ್ನು ಕುಂಟಿಸಿ, ಕುಂಟಿದ್ದಕ್ಕೆ ನೀನು ಕಳ್ಳ. ಅವನು ಗೋಣಿಗಳ ರಾಶಿಗೆ ಒದ್ದ. ಧೂಳೂ ಮೀನಿನ ಪುಡಿಯೂ ಎದ್ದು ಮೂವರೂ ಸೀನಿದರು.

ಸೀನಿ ಮುಗಿದಾಗ ಬೇರೊಂದು ವಿಷಯ ಹೊಳೆಯಿತು. ನನಗೆ ಗೊತ್ತಾಗ್ತದೆ, ಹೇಗೆ ಅಂತ ಕೇಳಬೇಡಿ, ಎಂದದ್ದು ಇದನ್ನೇ. ನಾಲ್ಕು ಗಂಟೆಗೆ ಅವರು ಬಂದು ನೋಡುವುದು ಈ ಅಕ್ಷರಗಳನ್ನು. ಅಂದರೆ ಅವನ ಮರ್ಯಾದೆ ಈಗ ಈ ಪೆನ್ಸಿಲಿನ ಗೀಟಿನಲ್ಲಿ ಇತ್ತು. ಗೀಟು ಇದ್ದರೆ ಅವನು ಕಳ್ಳನಲ್ಲ, ಕಾರು ಏರು ನೆಟ್ಟಗೆ ಹತ್ತುವುದಿಲ್ಲ. ಗೀಟು ಒರೆಸಿದರೆ ಕಾರು ಹತ್ತುತ್ತದೆ.

“ನಿತ್ಯಾನಂದಣ್ಣ, ನೀವು ಹೋಟೆಲಿಗೆ ಹೋಗಿ ಅವರನ್ನು ಕರಕೊಂಡು ಬನ್ನಿ. ಇಲ್ಲಿಗೆ. ಈ ಕತ್ತಲೆಯಲ್ಲಿ ನಿಂತು ಅವರ ಕಣ್ಣಿನಿಂದಲೇ ನೋಡ್ಲಿ. ಹತ್ತು ನಿಮಿಷದ ಕೆಲಸ.”

“ನಾನು ಹೇಳುವುದಾ? ನಿಮ್ಮ ಅಕ್ಷರದಿಂದಲೇ ಕಾರು ಹಾಳಾಯ್ತು ಅಂತ?”

“ಅಷ್ಟು ಹೇಳಬೇಡಿ. ತೋರಿಸ್ಲಿಕ್ಕೆ ಉಂಟು, ಬನ್ನಿ, ಅಂತ ಹೇಳಿ.”

ನಿತ್ಯಾನಂದ ಹೋದ. ಝಕರಿಯಾ ಕಾರಿನ ಮೆಟ್ಟಿಲಿನ ಮೇಲೆ ಕೂತು ಕಾದ. ಧಣಿ ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬರುವುದು, ಕತ್ತಲೆಯಲ್ಲಿ ತಡವರಿಸುವುದು, ತಾನು ಅವರ ಮೊಣಕೈ ಹಿಡಿದು ಇಲ್ಲಿ ನೋಡಿ ಎನ್ನುವುದು, ನೀಲಿ ಬೆಳಕಿನಲ್ಲಿ ಅವರ ಹೆಸರು ಹರಿಯುವುದು, ಆಮೇಲೆ ಆ ದೊಡ್ಡ ಮನುಷ್ಯ ಏನು ಹೇಳಬಹುದು ಎನ್ನುವುದರಲ್ಲಿ ಅವನ ಊಹೆ ನಿಂತಿತು. ತಪ್ಪಾಯಿತು ಎನ್ನುತ್ತಾರೆಯೇ? ಆ ಮುಖದಿಂದ ಆ ಶಬ್ದ ಎಷ್ಟು ಪ್ರಯತ್ನಿಸಿದರೂ ಹೊರಡಲಿಲ್ಲ. ತಾನು ಇಷ್ಟು ಆಸೆಯಿಂದ ಕಾಯುತ್ತಿರುವುದು ಕಂಡು ನಾಚಿಕೆಯಾಯಿತು. ಬಹುಮಾನ ಕೊಡುವ ದಿನ ಶಾಲೆಯ ಜಗಲಿಯಲ್ಲಿ ಕಾದ ಹಾಗೆ.

ಮುಕ್ಕಾಲು ಗಂಟೆಯ ಮೇಲೆ ನಿತ್ಯಾನಂದ ಒಬ್ಬನೇ ಬಂದ. “ಕತ್ತಲೆಗೆ ಕರೆದು ಅವನು ನನಗೆ ಎಂತ ತೋರಿಸುವುದು, ಅಂತ ಕೇಳಿದ್ರು. ಗಲ್ಲಾಪೆಟ್ಟಿಗೆಯ ಹತ್ತಿರ ಇದ್ದವರೆಲ್ಲ ನಗಾಡಿದ್ರು. ನಾಲ್ಕು ಗಂಟೆಗೆ ಗ್ಯಾರೇಜಿಗೇ ಬರ್ತಾರಂತೆ. ನಾಲ್ಕೂವರೆಗೆ ಆಸ್ಪತ್ರೆ. ಏರಿನಲ್ಲಿ ಕಾರು ನಿಂತರೆ ನನ್ನನ್ನೂ ಬಿಡುವುದಿಲ್ಲಂತೆ.” ಅವನು ನೀರು ಕೇಳಿ ಕುಡಿದ. “ಎಂತಾದರೂ ಮಾಡು ಝಕರಿಯಾ. ನಾಲ್ಕು ಮಕ್ಕಳು ನನಗೆ.”

ಝಕರಿಯಾ ಪೆಟ್ರೋಲಿನ ಬಟ್ಟೆ ಕೈಗೆ ತೆಗೆದುಕೊಂಡ. ಒರೆಸದೆ ಬಿಟ್ಟರೆ ಏನಾಗುತ್ತದೆ? ಹಾಗೇ ಕೊಟ್ಟುಬಿಡುವುದು. ಧಣಿ ನೋಡುತ್ತಾರೆ, ನಾಲ್ಕೂ ತನ್ನದೇ, ಸಿನೆಮಾದ ಮಾತು ಬಿದ್ದುಹೋಗುತ್ತದೆ. ಏರಿನಲ್ಲಿ ಅವರ ಮಗಳು, ಮಗು, ಅವರ ಹೆಸರು ಎಲ್ಲ ಒಟ್ಟಿಗೆ ಬಿಕ್ಕಳಿಸಲಿ. ಹಾಗೆ ಯೋಚಿಸುವಾಗ ಬಾಯಲ್ಲಿ ನೀರೂರುವಷ್ಟು ರುಚಿಯಿತ್ತು ಅದಕ್ಕೆ. ಆದರೆ ತಪ್ಪು ಸಿಕ್ಕಿತ್ತು. ತಿಂಗಳಿನಿಂದ ಹುಡುಕಿದ ತಪ್ಪು ಬೆರಳಿನ ತುದಿಯಲ್ಲಿ ಇರುವಾಗ ಅದನ್ನು ಹಾಗೇ ಬಿಟ್ಟು ಬಾನೆಟ್ ಮುಚ್ಚುವುದು ಅವನ ಕೈಗೆ ಬರುತ್ತಿರಲಿಲ್ಲ. ಬಿಸಿ ತಾಗಿದ ಕೈ ತನ್ನಷ್ಟಕ್ಕೆ ಹಿಂದೆ ಬರುವ ಹಾಗೆ, ಇದೂ ಅವನು ಯೋಚಿಸಿ ಮಾಡುವುದಾಗಿರಲಿಲ್ಲ. ಮತ್ತೆ ಲೆಕ್ಕ ಹಾಕಿದ. ಸೋರುವುದು ಮೂರನೆಯದು ಮಾತ್ರ. ಅದರ ಬಾಲವನ್ನಷ್ಟೇ ಒರೆಸಹೋದರೆ ಸೀಸ ಪೆಟ್ರೋಲಿನ ಜೊತೆ ಸುತ್ತಲೂ ಹರಡುತ್ತದೆ, ಪೂರ್ತಿ ತೆಗೆಯಬೇಕು. ಉಳಿದ ಮೂರರ ಗೀಟು ಯಾರಿಗೂ ತೊಂದರೆ ಮಾಡುತ್ತಿಲ್ಲ. ಅವು ಇರಲಿ, ಸಾಕ್ಷಿಗೆ. ಮೂರು ತನ್ನದಾದರೆ ನಾ‍ಲ್ಕನೆಯದೂ ತನ್ನದೇ ಎಂದು ಯಾವ ಮನುಷ್ಯನಿಗೂ ತಿಳಿಯುತ್ತದೆ. ಕೇಳಿದರೆ ಹೇಳಲು ನಿತ್ಯಾನಂದ ಇದ್ದಾನೆ, ಎದುರಿನಲ್ಲಿ ನಿಂತು ನೋಡಿದವನು. “ನೋಡಿ, ಇದೊಂದನ್ನೇ ಒರೆಸುತ್ತಿದ್ದೇನೆ,” ಎಂದ ಗಟ್ಟಿಯಾಗಿ. “ನೋಡಿದೆ, ನೋಡಿದೆ,” ಎಂದ ನಿತ್ಯಾನಂದ. ಎರಡು ಸಲ ಒರೆಸಿದಾಗ ಪಿಂಗಾಣಿ ಹಲ್ಲಿನ ಹಾಗೆ ಬೆಳ್ಳಗಾಯಿತು.

ಏರಿಗೆ ಈ ಸಲ ಝಕರಿಯಾನೇ ಕಾರು ಬಿಟ್ಟ. ಕಲ್ಲಿನ ಪಾಗಾರ ಮುಗಿಯುವಲ್ಲಿ ಅವನ ಕಿವಿ ಖಾಲಿಗೆ ಕಾದಿತು. ಖಾಲಿ ಬರಲಿಲ್ಲ. ನಾಲ್ಕೂ ಪೆಟ್ಟು ಬಿದ್ದವು, ಮತ್ತೆ ನಾಲ್ಕು. ಎಂಜಿನು ರಸ್ತೆಯನ್ನು ಹಗ್ಗದ ಹಾಗೆ ತನ್ನೊಳಗೆ ಎಳೆದುಕೊಂಡು ಮೇಲೆ ಹತ್ತಿತು. ಮೇಲೆ ಗುಡ್ಡದ ನೆತ್ತಿಯಿಂದ ಹೆಂಚಿನ ಮಾಡುಗಳೂ ತೆಂಗಿನ ತಲೆಗಳೂ ಆಚೆ ಸಮುದ್ರದ ಒಂದು ಬಿಳಿ ಪಟ್ಟಿಯೂ ಕಂಡು, ತಾನು ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ನೆನಪಾಗಿ, ಯಾಕೋ ಜೋರಾಗಿ ಹಾರ್ನ್ ಹೊಡೆದ. ದನ ಕಾಯುತ್ತಿದ್ದ ಮುದುಕಿ ಬೈದಳು. ಅಷ್ಟು ಹೊತ್ತು, ಹಾರ್ನಿನ ಸದ್ದು ಆರುವಷ್ಟು ಹೊತ್ತು, ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಧಣಿ ಬಂದರು. ಬೆಳಗಿನ ಜನವೂ ಬಂದಿತ್ತು. ಕೆಲಸ ಬಿಟ್ಟು ಬಂದದ್ದೆಂದು ಕಾಣದಿರಲಿ ಎಂಬಂತೆ ಒಬ್ಬೊಬ್ಬರೂ ಕೈಯಲ್ಲಿ ಏನಾದರೊಂದು ಹಿಡಿದಿದ್ದರು. ಜಮಾಲುದ್ದೀನನ ಕೈಯಲ್ಲಿ ಮೆಣಸಿನ ಸ್ಯಾಂಪಲಿನ ಪೊಟ್ಟಣ.

“ಏರು ಹತ್ತಿತಾ?” ಎಂದು ಧಣಿ ನಿತ್ಯಾನಂದನನ್ನು ಕೇಳಿದರು.

“ಹತ್ತಿತು ಧಣಿಗಳೇ. ಬೆಣ್ಣೆಯ ಹಾಗೆ. ನಂತೂರಿನ ತನಕ ಹೋಗಿ ಬಂದೆವು.”

“ಹಾಂ!” ಧಣಿ ಜನದ ಕಡೆ ತಿರುಗಿ ಕೈ ಅಗಲ ಮಾಡಿದರು, ತೋರಿಸಿದೆನಲ್ಲ ಎಂಬ ಹಾಗೆ. “ಒಂದು ತಿಂಗಳು ಆಗದ್ದು ಅರ್ಧ ದಿವಸದಲ್ಲಿ ಆಯ್ತು. ಬಾನೆಟ್ ತೆಗಿ ಬೊನಿಫಾಸ್.”

ಬೊನಿಫಾಸ್ ವಯರುಗಳನ್ನು ಎಳೆದ. ಧಣಿ ಕಿಸೆಯಿಂದ ಕನ್ನಡಕ ತೆಗೆದು, ಒಂದು ಕೈಯಲ್ಲಿ ಪಂಚೆಯ ತುದಿ ಎತ್ತಿಕೊಂಡು, ಪ್ಲಗ್ಗುಗಳ ಮೇಲೆ ಬಗ್ಗಿದರು. ಒಂದು. ಎರಡು. ಬೆರಳು ಮೂರನೆಯದರ ಮೇಲೆ ನಿಂತಿತು. ನಾಲ್ಕನೆಯದನ್ನು ನೋಡಿ ಮತ್ತೆ ಮೂರನೆಯದಕ್ಕೆ ಬಂತು. ಝಕರಿಯಾ ಕಾದ. ಕೇಳಲಿ, ಈಗ ಹೇಳುತ್ತೇನೆ. ಮಾತು ಈ ಸಲ ತಡವಾಗಿರಲಿಲ್ಲ, ನಾಲಗೆಯ ಮೇಲೆ ಸಾಲಾಗಿ ನಿಂತಿತ್ತು.

ಧಣಿ ನೆಟ್ಟಗಾದರು. ಮುಖದಲ್ಲಿ ಸಿಟ್ಟಿರಲಿಲ್ಲ. ಅಲ್ಲಿ ಒಂದು ದೊಡ್ಡ, ತಂಪಾದ ತೃಪ್ತಿ ಇತ್ತು. “ಬೊನಿಫಾಸ್, ನೋಡು. ನಾಲ್ಕಕ್ಕೂ ನಾನು ಗುರುತು ಹಾಕಿದ್ದೆ. ಯಾರಿಗೂ ಹೇಳಿರ್ಲಿಲ್ಲ. ಈಗ ಮೂರರಲ್ಲಿ ಉಂಟು, ಒಂದರಲ್ಲಿ ಇಲ್ಲ.” ಅವರು ಝಕರಿಯಾನ ಹೆಗಲ ಮೇಲೆ ಕೈ ಇಟ್ಟರು. ಮೈಸೂರು ಸ್ಯಾಂಡಲ್ ಸಾಬೂನಿನ ವಾಸನೆಯ, ಮೆತ್ತನೆಯ ಕೈ. “ಮೂರು ವಾಪಸ್ ಸಿಕ್ಕಿತು. ಒಳ್ಳೇದಾಯ್ತು. ಒಂದು ಮಾರಿ ಹೋಗಿರಬೇಕು, ಅಲ್ವಾ? ಹೋಗ್ಲಿ. ಇವತ್ತು ಮನೆಗೆ ಮಗು ಬರುವ ದಿವಸ, ನಾನು ಯಾರ ಹೊಟ್ಟೆಗೂ ಹೊಡೆಯುವುದಿಲ್ಲ. ಆ ಒಂದನ್ನು ಯಾರಿಗೆ ಕೊಟ್ಟಿ, ಅಷ್ಟು ಹೇಳು. ನಾನು ಬಿಟ್ಟಿದ್ದೇನೆ. ಇಲ್ಲೇ ಕೆಲಸ ಮಾಡಿಕೊಂಡು ಇರು.”

ಝಕರಿಯಾ ನಿತ್ಯಾನಂದನನ್ನು ನೋಡಿದ. ನಿತ್ಯಾನಂದ ಕಾರಿನ ಕನ್ನಡಿಯನ್ನು ಒರೆಸುತ್ತಿದ್ದ. ಕನ್ನಡಿ ಆಗಲೇ ಚೊಕ್ಕವಾಗಿತ್ತು. ಅದರಲ್ಲಿ ಒಂದು ಕ್ಷಣ ಇಬ್ಬರ ಕಣ್ಣೂ ಸೇರಿದವು, ಆಮೇಲೆ ಬಟ್ಟೆ ಬಂದು ಮುಚ್ಚಿತು.

“ಹೇಳಿಬಿಡು ಮಾರಾಯ,” ಎಂದ ಬೊನಿಫಾಸ್, ಎಷ್ಟೋ ದಿನದಿಂದ ಇಲ್ಲದಿದ್ದ ಪ್ರೀತಿಯಿಂದ. “ಧಣಿಗಳೇ ಬಿಟ್ಟಿದ್ದಾರಲ್ಲ. ಒಂದು ಹೆಸರು ಹೇಳು, ಮುಗೀತು.”

ಎಲ್ಲರೂ ಮತ್ತೆ ಕತ್ತು ಮುಂದೆ ಮಾಡಿದ್ದರು. ಪೆನ್ಸಿಲು, ಗೋಡೌನು, ನೀಲಿ ಹುಳ. ಹೇಳಬಹುದಿತ್ತು. ಕಳ್ಳನ ಬಾಯಿಂದ ಬಂದರೆ ಅದು ಎಂಥ ಕಥೆಯಾಗಿ ಕೇಳುತ್ತದೆಂದು ಅವರ ಮುಖಗಳಲ್ಲಿ ಆಗಲೇ ಕಾಣುತ್ತಿತ್ತು. ನಗಲು ಅವರ ತುಟಿಗಳು ತಯಾರಾಗಿದ್ದವು, ಕ್ಷಮಿಸಲು ಕೂಡ. ಹೆಗಲ ಮೇಲಿನ ಕೈ ಎರಡು ಸಲ ತಟ್ಟಿತು. ಅವನು ಆ ಕೈಯ ಅಡಿಯಿಂದ ಹೆಗಲನ್ನು ತೆಗೆದ. ಮೂರನೆಯ ಪ್ಲಗ್ಗಿನ ವಯರು ಬೊನಿಫಾಸ್ ಎಳೆದಲ್ಲಿಯೇ ನೇತಾಡುತ್ತಿತ್ತು. ಬಗ್ಗಿ ಅದನ್ನು ಅದರ ಜಾಗಕ್ಕೆ ಒತ್ತಿ ಕೂರಿಸಿದ, ಉಳಿದ ಮೂರನ್ನೂ ಕೂರಿಸಿದ, ಬಾನೆಟ್ ಇಳಿಸಿ ಎರಡೂ ಅಂಗೈಯಿಂದ ಒತ್ತಿ ಕೊಂಡಿ ಬಿತ್ತೆಂದು ನೋಡಿಕೊಂಡ. ಸ್ಪಾನರನ್ನು ಬೊನಿಫಾಸನ ಮೇಜಿನ ಮೇಲೆ ಇಟ್ಟ.

“ಕೇಳಿದ್ದಕ್ಕೆ ಉತ್ತರ ಉಂಟಾ ಇಲ್ವಾ?” ಎಂದರು ಧಣಿ. ಈಗ ಧ್ವನಿ ಮೆಲ್ಲಗಿರಲಿಲ್ಲ.

ಜಮಾಲುದ್ದೀನ್ ದಾರಿಯಲ್ಲಿದ್ದ, ಪಕ್ಕಕ್ಕೆ ಸರಿದ. ಝಕರಿಯಾ ನಡೆದ. ಬಂದರಿನ ರಸ್ತೆ ಬಿಸಿಲಿಗೆ ಕಾದಿತ್ತು. ಅವನು ಹಿಂದೆ ನೋಡಲಿಲ್ಲ. ಬೊನಿಫಾಸ್ ಒಮ್ಮೆ ಹೆಸರು ಹಿಡಿದು ಕರೆದ, ಇನ್ನೊಮ್ಮೆ ಕರೆದ. ಆಮೇಲೆ ಕಾರಿನ ಬಾಗಿಲು ಹಾಕಿದ ಸದ್ದು, ಎಂಜಿನು ಎದ್ದ ಸದ್ದು. ಕಾರು ಅವನ ಬೆನ್ನ ಹಿಂದೆ ತಿರುವು ತೆಗೆದುಕೊಂಡು ಅತ್ತಾವರದ ಕಡೆಗೆ ಏರತೊಡಗಿತು. ಎಣಿಸಬಾರದೆಂದು ಅಂದುಕೊಂಡರೂ ಅವನ ಕಿವಿ ಎಣಿಸಿತು. ನಾಲ್ಕೂ ಪೆಟ್ಟು ಬೀಳುತ್ತಿದ್ದವು.